ಲಂಡನ್ ಮ್ಯೂಸಿಯಂಗಳು: ಅಪ್ಪ, ಅಮ್ಮ, ಮಗ ಜೊತೆಗಿದ್ದಾರೆ, ಯಾವುದನ್ನ ಬಿಡಲಿ?

ಮಳೆಬಿಲ್ಲು
ಎಲ್ಲರಿಗೂ ನಮಸ್ಕಾರ. ಬರೋ ತಿಂಗಳು ಅಪ್ಪ ಅಮ್ಮನ್ನ ಕರ್ಕೊಂಡು ಲಂಡನ್ನಿಗೆ ಹೊರಟಿದ್ದೀವಿ. ತಂಗಿ ಅಲ್ಲೇ ಇದ್ದಾಳೆ, ಉಳ್ಕೊಳ್ಳೋ ಚಿಂತೆ ಇಲ್ಲ. ಚಿಂತೆ ಎಲ್ಲಾ ಮ್ಯೂಸಿಯಂಗಳದ್ದು. ಅಪ್ಪ ಚರಿತ್ರೆ ಪಾಠ ಮಾಡಿ ನಿವೃತ್ತಿಯಾದವರು. ಬ್ರಿಟಿಷ್ ಮ್ಯೂಸಿಯಂ ನೋಡ್ದೆ ವಾಪಸ್ ವಿಮಾನ ಹತ್ತಲ್ಲ ಅಂತ ಕೂತಿದ್ದಾರೆ. ಅಮ್ಮನಿಗೆ ಮಂಡಿ ನೋವು, ಹೆಚ್ಚು ಹೊತ್ತು ನಿಲ್ಲೋಕಾಗಲ್ಲ. ಮಗನಿಗೆ ಒಂಬತ್ತು ವರ್ಷ, ಡೈನೋಸಾರ್ ಬಿಟ್ಟು ಬೇರೆ ಮಾತಿಲ್ಲ. ನನಗೆ ಚಿತ್ರಗಳು ಅಂದ್ರೆ ಇಷ್ಟ. ನಮ್ಮೆಜಮಾನ್ರು ‘ಎಲ್ಲಿಗಾದ್ರೂ ಸರಿ’ ಅಂತಾರೆ, ಅದರರ್ಥ ಎಲ್ಲಿಗೂ ಬೇಡ ಅಂತ.

ನಾನು ಬರೆದಿಟ್ಟಿರೋ ಪಟ್ಟಿ: ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್, ಟೇಟ್ ಬ್ರಿಟನ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯಾಚುರಲ್ ಹಿಸ್ಟರಿ, ಸೈನ್ಸ್ ಮ್ಯೂಸಿಯಂ, ಕೋರ್ಟೋಲ್ಡ್, ವಾಲೆಸ್ ಕಲೆಕ್ಷನ್, ಗ್ರೀನಿಚ್, ಬ್ರಿಟಿಷ್ ಲೈಬ್ರರಿ. ಕೈಲಿರೋದು ಒಂದು ವಾರವೂ ಪೂರ್ತಿ ಇಲ್ಲ. ಯಾವುದನ್ನ ಬಿಡಲಿ? ಅಥವಾ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಮುಗಿಸಬಹುದಾ?

ಗೂಬೆಕಣ್ಣು
ಇದು ಪ್ರವಾಸ ಅಲ್ಲ ಮೇಡಂ, ಜನಗಣತಿ.

ಸುಮ್ನೆ_ಬಂದೆ
ಎಜಮಾನ್ರಿಗೆ ನನ್ನ ಸಂತಾಪ.

ದಾರಿಹೋಕ
ಇಲ್ಲೇ ಬಹಳ ವರ್ಷದಿಂದ ಇದ್ದೀನಿ, ಊರಿಂದ ಬಂದವರನ್ನೆಲ್ಲ ಸುತ್ತಿಸೋ ಕೆಲಸ ನಂದೇ. ಮೊದಲು ಆ ಪಟ್ಟಿ ಹರಿದು ಹಾಕಿ. ಯಾವ ಮ್ಯೂಸಿಯಂ ಅಂತ ಯೋಚಿಸೋದು ಬಿಟ್ಟು ಯಾವ ಕೋಣೆ ಅಂತ ಯೋಚಿಸಿ. ಬ್ರಿಟಿಷ್ ಮ್ಯೂಸಿಯಂನ ‘ನೋಡಿ ಮುಗಿಸಿದೆ’ ಅನ್ನೋ ಮನುಷ್ಯ ಇನ್ನೂ ಹುಟ್ಟಿಲ್ಲ. ಮೂರು ಕೋಣೆ ಆರಿಸ್ಕೊಳ್ಳಿ, ನೋಡಿ, ಹೊರಗೆ ಬಂದು ಕೂತ್ಕೊಳ್ಳಿ. ಅಷ್ಟಕ್ಕೇ ಒಂದು ಬೆಳಿಗ್ಗೆ ಸರಿಹೋಗುತ್ತೆ.

ಹೀಗೆ ಮಾಡೋಕೆ ಲಂಡನ್ನಿನಷ್ಟು ಅನುಕೂಲದ ಊರು ಇನ್ನೊಂದಿಲ್ಲ, ಯಾಕಂದ್ರೆ ದೊಡ್ಡವೆಲ್ಲ ಪುಕ್ಕಟೆ. ಟಿಕೆಟ್ ಇದ್ದ ಕಡೆ ‘ದುಡ್ಡು ಕೊಟ್ಟಿದ್ದೀವಿ, ಎಲ್ಲಾ ನೋಡ್ಲೇಬೇಕು’ ಅನ್ನೋ ಭೂತ ಹಿಡಿಯುತ್ತೆ. ಇಲ್ಲಿ ಅರ್ಧ ಗಂಟೆಗೆ ಬೇಜಾರಾದ್ರೆ ಎದ್ದು ಬನ್ನಿ, ನಾಳೆ ಮತ್ತೆ ಹೋಗಿ. ಯಾರೂ ಕೇಳಲ್ಲ.

ಕಡಲತೀರ
ಎಲ್ಲಾ ಪುಕ್ಕಟೆ ಅಂತ ಹೇಳ್ಬೇಡಿ ಮಾರಾಯ್ರೇ, ಮತ್ತೆ ಬಾಗಿಲಲ್ಲಿ ನಿಂತು ಪರ್ಸ್ ಹುಡುಕ್ಬೇಕಾಗ್ತದೆ. ಅವರ ಪಟ್ಟಿಯಲ್ಲಿ ಕೋರ್ಟೋಲ್ಡಿಗೆ ಟಿಕೆಟ್ ಉಂಟು. ಗ್ರೀನಿಚ್‌ನಲ್ಲಿ ಮ್ಯಾರಿಟೈಮ್ ಮ್ಯೂಸಿಯಂ ಪುಕ್ಕಟೆ, ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ದುಡ್ಡು. ಪುಕ್ಕಟೆ ಇರುವ ಕಡೆಯೂ ವಿಶೇಷ ಪ್ರದರ್ಶನಕ್ಕೆ ಬೇರೆ ಟಿಕೆಟ್.

ಹಳೇಪುಸ್ತಕ
ಪುಕ್ಕಟೆ ಅನ್ನೋದೂ ಮೊದಲಿಂದ ಹಾಗೇ ಇದ್ದದ್ದಲ್ಲ. ನಡುವೆ ಹಲವು ರಾಷ್ಟ್ರೀಯ ಮ್ಯೂಸಿಯಂಗಳು ಪ್ರವೇಶಶುಲ್ಕ ವಸೂಲಿ ಮಾಡ್ತಿದ್ವು. 2001ರ ಡಿಸೆಂಬರಿನಿಂದ ಕಾಯಂ ಸಂಗ್ರಹ ನೋಡೋಕೆ ಎಲ್ಲ ಕಡೆ ಶುಲ್ಕ ತೆಗೆದ್ರು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಥರದ ಕೆಲವು ಆ ಕಾಲದಲ್ಲೂ ಉಚಿತವಾಗಿದ್ವು. ಹೊರದೇಶದವರಿಂದ ವಸೂಲಿ ಮಾಡಿ ಅನ್ನೋ ಕೂಗು ಆಗಾಗ ಏಳ್ತಾನೇ ಇರುತ್ತೆ.

ಇಬ್ಬರ_ಅಮ್ಮ
ಒಂಬತ್ತು ವರ್ಷದ ಹುಡುಗ ಅಂದ್ರಲ್ಲ, ನ್ಯಾಚುರಲ್ ಹಿಸ್ಟರಿ ಮೊದಲ ದಿನವೇ ಮುಗಿಸಿಬಿಡಿ. ಇಲ್ಲಾಂದ್ರೆ ಉಳಿದ ದಿನವೆಲ್ಲ ‘ಯಾವಾಗ, ಯಾವಾಗ’ ಅಂತ ಪ್ರಾಣ ತಿಂತಾನೆ. ಬಾಗಿಲು ತೆಗೆಯೋ ಹೊತ್ತಿಗೇ ನಿಂತಿರಿ. ಅಲ್ಲಿಯ ಶಾಲೆಗಳಿಗೆ ರಜೆ ಇದ್ರಂತೂ ಡೈನೋಸಾರ್ ವಿಭಾಗಕ್ಕೇ ಪ್ರತ್ಯೇಕ ಸಾಲು. ಉಚಿತ ಆದ್ರೂ ಸಮಯ ಕಾದಿರಿಸಿ ಹೋಗಿ.

ಡೈನೋಸಾರ್ ಆದ ಮೇಲೆ ಅವನನ್ನ ಹಿಂಟ್ಸೆ ಹಾಲ್‌ನಲ್ಲಿ ನಿಲ್ಲಿಸಿ ತಲೆ ಎತ್ತಿ ನೋಡು ಅನ್ನಿ. ನೀಲಿ ತಿಮಿಂಗಿಲದ ಅಸ್ಥಿಪಂಜರ, 25 ಮೀಟರ್ ಉದ್ದ, ಧುಮುಕೋ ಭಂಗಿಯಲ್ಲಿ ತೂಗುಹಾಕಿದ್ದಾರೆ. ಹೆಸರು ಹೋಪ್. 1891ರಲ್ಲಿ ಐರ್ಲೆಂಡಿನ ದಡಕ್ಕೆ ಬಂದು ಸಿಕ್ಕಿಹಾಕ್ಕೊಂಡಿದ್ದಂತೆ. 2017ರವರೆಗೆ ಆ ಜಾಗದಲ್ಲಿ ಡಿಪ್ಪಿ ಅನ್ನೋ ಡಿಪ್ಲೊಡೋಕಸ್ ಡೈನೋಸಾರ್ ಇತ್ತು. ನನ್ನ ದೊಡ್ಡವನು ‘ಅದು ನಿಜವಾದ ಮೂಳೆಯೇ ಅಲ್ಲ, ಅಚ್ಚು ಹೊಯ್ದದ್ದು, ಇದೇ ಅಸಲಿ’ ಅಂತ ಅಲ್ಲಿದ್ದವರಿಗೆಲ್ಲ ಪಾಠ ಮಾಡಿದ.

ಹಳೇಪುಸ್ತಕ
ಅವನು ಹೇಳಿದ್ದು ಸರಿ, ಡಿಪ್ಪಿ ಪ್ಲಾಸ್ಟರ್ ಅಚ್ಚು. ಆ ಕಟ್ಟಡವನ್ನೂ ಗಮನಿಸಿ. 1881ರಲ್ಲಿ ಬಾಗಿಲು ತೆರೆದದ್ದು, ವಾಟರ್‌ಹೌಸ್ ಅನ್ನೋ ವಾಸ್ತುಶಿಲ್ಪಿಯದು. ಗೋಡೆ ತುಂಬಾ ಸುಟ್ಟಮಣ್ಣಿನ ಪ್ರಾಣಿಗಳು. ಒಂದು ಪಕ್ಕದಲ್ಲಿ ಈಗಲೂ ಬದುಕಿರೋವು, ಇನ್ನೊಂದು ಪಕ್ಕದಲ್ಲಿ ಅಳಿದುಹೋದವು. ಯಾವ ಪಕ್ಕ ಯಾವುದು ಅಂತ ಮಗನನ್ನೇ ಕಂಡುಹಿಡಿಯೋಕೆ ಬಿಡಿ. ಒಳಗೆ ಹೋಗೋ ಸಾಲಿನಲ್ಲಿ ನಿಂತಾಗಲೇ ಆಟ ಶುರುವಾಗುತ್ತೆ.

ಬಯಲುಸೀಮಿ
ಎಲ್ಲಾರೂ ತಿಮಿಂಗಿಲದ ಸುದ್ದಿ ಹೇಳಾಕತ್ತೀರಿ. ನಮ್ಮ ಟಿಪ್ಪು ಹುಲಿ ನೋಡದs ಬರ್ತೀರೇನ್ರಿ? ಬ್ರಿಟಿಷ್ ಮ್ಯೂಸಿಯಮ್ಮಿನ್ಯಾಗ ಐತಿ, ಮೊದಲ ಅದನ್ನ ನೋಡ್ರಿ.

ಚಿತ್ರಗುಪ್ತ
ಅಲ್ಲಿಲ್ಲ ಸಾರ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿರೋದು. ಬಹಳ ಜನ ಬ್ರಿಟಿಷ್ ಮ್ಯೂಸಿಯಂನಲ್ಲೇ ಹುಡುಕಿ ವಾಪಸ್ ಬರ್ತಾರೆ.

ಬಯಲುಸೀಮಿ
ಎಲ್ಲಿದ್ರೇನ್ರಿ, ನಮ್ಮನಿಯಾಗಂತೂ ಇಲ್ಲಲ್ಲ.

ಚಿತ್ರಗುಪ್ತ
ಅದು ಬರೀ ಬೊಂಬೆ ಅಂದ್ಕೋಬೇಡಿ. ಮರದ ಹುಲಿ ಒಬ್ಬ ಐರೋಪ್ಯನ ಮೇಲೆ ಕೂತು ಕತ್ತು ಕಚ್ತಿರೋದು. ಹೊಟ್ಟೆಯೊಳಗೆ ಸಣ್ಣ ಆರ್ಗನ್ ಇದೆ, ಗಾಳಿ ತಿದಿಗಳಿವೆ. ಹಿಡಿ ತಿರುಗಿಸಿದ್ರೆ ಆ ಮನುಷ್ಯನ ಕೈ ಮೇಲಕ್ಕೂ ಕೆಳಕ್ಕೂ ಆಡುತ್ತೆ, ನರಳೋ ಸದ್ದು ಬರುತ್ತೆ, ಹುಲಿ ಗುರುಗುಟ್ಟುತ್ತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಗೀತದ ಕೋಣೆಯಿಂದ ಎತ್ಕೊಂಡು ಹೋದದ್ದು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯ ಓದುವ ಕೋಣೆಯಲ್ಲಿ ಇಟ್ಟಿದ್ರು. ಬಂದವರೆಲ್ಲ ಹಿಡಿ ತಿರುಗಿಸಿ ಗುರ್ ಅನ್ನಿಸೋರು, ಪಕ್ಕದಲ್ಲಿ ಓದ್ತಾ ಕೂತವರಿಗೆ ತಲೆಚಿಟ್ಟು. ಕಡೆಗೆ ಹಿಡಿಯೇ ಕಾಣೆಯಾಯ್ತು.

ಈಗ ಗಾಜಿನ ಪೆಟ್ಟಿಗೆಯೊಳಗಿದೆ, ಯಾರೂ ತಿರುಗಿಸೋ ಹಾಗಿಲ್ಲ. ಒಂದು ಮಾತು: ಗ್ಯಾಲರಿಗಳ ದುರಸ್ತಿ ನಡೀತಾ ಇರುತ್ತೆ, ವಸ್ತುಗಳು ಜಾಗ ಬದಲಾಯಿಸ್ತಾವೆ. ಹೊರಡೋ ಹಿಂದಿನ ದಿನ ಆ ಮ್ಯೂಸಿಯಂನ ವೆಬ್‌ಸೈಟಲ್ಲಿ ಹುಲಿಯ ಪುಟ ತೆಗೆದು, ಪ್ರದರ್ಶನದಲ್ಲಿದೆಯಾ, ಯಾವ ಕೋಣೆ ಅಂತ ನೋಡ್ಕೊಳ್ಳಿ. ಯಾವ ಮ್ಯೂಸಿಯಂಗಾದ್ರೂ ಈ ಮಾತು ಅನ್ವಯ.

ಹಳೇಪುಸ್ತಕ
ಮಳೆಬಿಲ್ಲು ಅವರೇ, ನಿಮ್ಮ ತಂದೆಯವರಿಗೆ ಒಂದು ಕೊಂಡಿ ಹೇಳ್ತೀನಿ. ಇದನ್ನ ಹಿಡ್ಕೊಂಡು ಹೋದ್ರೆ ಎರಡು ಮ್ಯೂಸಿಯಂ ಒಂದೇ ಪಾಠ ಆಗುತ್ತೆ.

ಬ್ರಿಟಿಷ್ ಮ್ಯೂಸಿಯಂನ ರೊಸೆಟ್ಟಾ ಕಲ್ಲು ಈಜಿಪ್ಟಿನಲ್ಲಿ ಫ್ರೆಂಚ್ ಸೈನಿಕರಿಗೆ ಸಿಕ್ಕಿದ್ದು 1799ರ ಜುಲೈನಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದು ಅದೇ ವರ್ಷ ಮೇ 4ಕ್ಕೆ. ಎರಡೂ ಒಂದೇ ಜಗಳದ ಎರಡು ತುದಿ. ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದಾನೆ, ಅಲ್ಲಿಂದ ಟಿಪ್ಪು ಜೊತೆ ಕೈ ಸೇರಿಸ್ತಾನೆ ಅನ್ನೋ ಭಯ ಬ್ರಿಟಿಷರಿಗೆ. ಆ ವರ್ಷ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುಗೆ ಬರೆದ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ತು. ಆಮೇಲೆ ಆದದ್ದು ಗೊತ್ತೇ ಇದೆ. ಈಜಿಪ್ಟಿನಲ್ಲಿ ಫ್ರೆಂಚರು 1801ರಲ್ಲಿ ಸೋತಾಗ ಒಪ್ಪಂದದ ಪ್ರಕಾರ ಆ ಕಲ್ಲನ್ನ ಬ್ರಿಟಿಷರಿಗೆ ಬಿಟ್ಟುಕೊಡಬೇಕಾಯ್ತು. 1802ರಿಂದ ಮ್ಯೂಸಿಯಂನಲ್ಲಿದೆ.

ಕಲ್ಲಿನ ಮುಂದೆ ಯಾವಾಗಲೂ ನೂಕುನುಗ್ಗಲು. ಮೂರು ಲಿಪಿ ಇದೆ: ಮೇಲೆ ಚಿತ್ರಲಿಪಿ, ನಡುವೆ ಈಜಿಪ್ಟಿನವರ ದಿನಬಳಕೆಯ ಡೆಮೋಟಿಕ್, ಕೆಳಗೆ ಗ್ರೀಕ್. ಗ್ರೀಕ್ ಗೊತ್ತಿತ್ತು, ಅದನ್ನಿಟ್ಟುಕೊಂಡೇ ಮೇಲಿನದನ್ನ ಬಿಡಿಸಿದ್ದು. 1822ರಲ್ಲಿ ಶಾಂಪೋಲಿಯನ್ ಅನ್ನೋ ಫ್ರೆಂಚ್ ವಿದ್ವಾಂಸ ಅದನ್ನ ಸಾಧಿಸಿದ. ಶಾಸನ ಓದೋ ನಾಡಿನಿಂದ ಬಂದ ಮೇಷ್ಟ್ರಿಗೆ ಇದು ಹಿಡಿಸದೆ ಇರಲ್ಲ.

ಮಳೆಬಿಲ್ಲು
ಹಳೇಪುಸ್ತಕ ಸಾರ್, ಇದನ್ನ ಅಪ್ಪನಿಗೆ ಓದಿ ಹೇಳಿದೆ. ‘ಯಾರು ಆ ಪುಣ್ಯಾತ್ಮ?’ ಅಂತ ಕೇಳಿ, ಈಗ ಕಪಾಟಿನಿಂದ ಏನೇನೋ ಪುಸ್ತಕ ಇಳಿಸ್ತಿದ್ದಾರೆ. ಅಮ್ಮ ನನ್ನ ಮೇಲೆ ಸಿಟ್ಟಾಗಿದ್ದಾರೆ.

ದಾರಿಹೋಕ
ಬ್ರಿಟಿಷ್ ಮ್ಯೂಸಿಯಂಗೆ ನನ್ನ ಮೂರು ಕೋಣೆ: ರೊಸೆಟ್ಟಾ ಇರೋ ಈಜಿಪ್ಟ್ ಸಾಲು, ಅಲ್ಲಿಂದ ನಾಲ್ಕು ಹೆಜ್ಜೆಗೆ ಅಸ್ಸೀರಿಯಾದ ಸಿಂಹಬೇಟೆಯ ಫಲಕಗಳು, ಆಮೇಲೆ ಅಮರಾವತಿ. ಸಿಂಹಬೇಟೆಯನ್ನ ಯಾರೂ ತಪ್ಪಿಸ್ಕೋಬೇಡಿ. ನಿನೆವೆಯ ಅರಮನೆಯದು, ಸುಮಾರು ಕ್ರಿ.ಪೂ. 645. ರಾಜನ ಮುಖಗಳೆಲ್ಲ ಒಂದೇ ಥರ, ಭಾವನೆಯೇ ಇಲ್ಲ. ಬಾಣ ತಿಂದು ರಕ್ತ ಕಾರ್ತಿರೋ ಸಿಂಹದ ಮುಖದಲ್ಲಿ ಮಾತ್ರ ಎಲ್ಲಾ ಇದೆ. ಕೆತ್ತಿದವನಿಗೆ ಯಾರ ಕಡೆ ಮನಸ್ಸಿತ್ತೋ!

ಮುಂಬಾಗಿಲ ಸಾಲು ಉದ್ದ ಇದ್ರೆ ಸುತ್ತು ಹಾಕಿ ಹಿಂದಿನ ಮಾಂಟೇಗ್ಯೂ ಪ್ಲೇಸ್ ಬಾಗಿಲಿಗೆ ಬನ್ನಿ. ಎಷ್ಟೋ ಸಲ ಅಲ್ಲಿ ಜನ ಕಮ್ಮಿ. ಚಕ್ರದ ಸೂಟ್‌ಕೇಸ್ ಎಳ್ಕೊಂಡು ಹೋಗಬೇಡಿ, ಒಳಗೆ ಬಿಡಲ್ಲ.

ಬಯಲುಸೀಮಿ
ಅಮರಾವತಿ ಅಂದಕೂಡ್ಲೆ ಮತ್ತ ಹೊಟ್ಟಿ ಉರೀತೈತ್ರಿ. ಆಂಧ್ರದ ಸ್ತೂಪದ ಕಲ್ಲು, ನಮ್ಮ ಹುಲಿ, ಗ್ರೀಸಿನ ಮೂರ್ತಿ, ಬೆನಿನ್ನಿನ ಕಂಚು. ಯಾರ್ಯಾರ ಮನಿ ಸಾಮಾನೋ ತಂದು ಸಾಲಾಗಿ ಇಟ್ಟು, ‘ಪುಕ್ಕಟೆ ನೋಡ್ರಿ’ ಅಂತ ದೊಡ್ಡ ಮನಸು ಮಾಡ್ಯಾರ. ನಾವು ವೀಸಾಕ್ಕ ರೊಕ್ಕಾ ಕಟ್ಟಿ, ಬೆರಳಚ್ಚು ಕೊಟ್ಟು ಹೋಗಿ ನೋಡಬೇಕು. ಎಲ್ಲಿ ಪುಕ್ಕಟೆ ಬಂತ್ರಿ?

ಗೂಬೆಕಣ್ಣು
ಇದು ಈ ಚರ್ಚೆಯಲ್ಲಿ ಬಂದ ಮೊದಲ ಸರಿಯಾದ ಲೆಕ್ಕ.

ಕಡಲತೀರ
ಇಲ್ಲೇ ಇದ್ದಿದ್ರೆ ಉಳೀತಿತ್ತಾ ಅಂತಲೂ ಕೇಳ್ಬೇಕು ಅಲ್ವಾ? ಅಮರಾವತಿಯ ಕಲ್ಲುಗಳನ್ನು ಸ್ಥಳೀಯ ಜಮೀನ್ದಾರರೇ ಕಟ್ಟಡಕ್ಕೆ ಹೊತ್ತುಕೊಂಡು ಹೋದದ್ದುಂಟು.

ಬಯಲುಸೀಮಿ
ಉಳೀತಿತ್ತೋ ಇಲ್ಲೋ, ಕೇಳಾವ್ರು ಕದ್ದಾವ್ರs ಆಗಬಾರದು. ಅವರ ಕಡೆ ಏನ್ ಭಾರೀ ಭದ್ರ ಇತ್ತೇನ್ರಿ? 2023ರಾಗ ಬ್ರಿಟಿಷ್ ಮ್ಯೂಸಿಯಮ್ಮs ತನ್ನ ಉಗ್ರಾಣದಾಗಿನ ಒಡವಿ ಕಳುವಾಗ್ಯಾವ ಅಂತ ಹೇಳ್ಕೊಂತು. ನಿರ್ದೇಶಕರು ರಾಜೀನಾಮಿ ಕೊಟ್ರು.

ಹಳೇಪುಸ್ತಕ
ಇಬ್ಬರ ಮಾತಲ್ಲೂ ನಿಜ ಇದೆ. ಅಮರಾವತಿಯದು 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿ ಮದ್ರಾಸಿಗೆ ಸಾಗಿಸಿದ್ದು. ಅಲ್ಲಿಂದ 1859ರಲ್ಲಿ ಲಂಡನ್ನಿಗೆ. ಒಂದು ಪಾಲು ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿ ಈಗಲೂ ಇದೆ, ಅದನ್ನ ನೋಡೋಕೆ ಯಾರಿಗೂ ವೀಸಾ ಬೇಡ. ಆದ್ರೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೀವಿ?

ವಾಪಸ್ ಕೊಡೋ ವಿಚಾರದಲ್ಲಿ ಅಡ್ಡಿ ಇರೋದು ಕಾನೂನಿನಲ್ಲಿ. ಬ್ರಿಟಿಷ್ ಮ್ಯೂಸಿಯಂ 1963ರ ಕಾಯ್ದೆಯ ಪ್ರಕಾರ ತನ್ನ ಸಂಗ್ರಹದಿಂದ ಏನನ್ನೂ ಸುಲಭವಾಗಿ ಬಿಟ್ಟುಕೊಡೋ ಹಾಗಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ಗೆ 1983ರ ಇನ್ನೊಂದು ಕಾಯ್ದೆ. ಹಾಗಾಗಿ 2024ರಲ್ಲಿ ಅಸಾಂಟೆ ರಾಜಮನೆತನದ ಚಿನ್ನದ ಒಡವೆಗಳನ್ನ ಘಾನಾಕ್ಕೆ ಎರವಲು ಅಂತ ಕಳಿಸಿದ್ರು. ಅವರದ್ದೇ ಒಡವೆ, ಅವರಿಗೇ ಎರವಲು! ದಕ್ಷಿಣ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂಗೆ ಆ ಕಟ್ಟು ಇರಲಿಲ್ಲ. 2022ರಲ್ಲಿ, ಈಗಿನ ನೈಜೀರಿಯಾದಲ್ಲಿದ್ದ ಹಳೇ ಬೆನಿನ್ ರಾಜ್ಯದ 72 ವಸ್ತುಗಳ ಒಡೆತನವನ್ನೇ ನೈಜೀರಿಯಾಕ್ಕೆ ಬರೆದುಕೊಡ್ತು.

ಸುಮ್ನೆ_ಬಂದೆ
ಕೊಹಿನೂರ್ ವಿಷಯ ಯಾರೂ ಎತ್ತಿಲ್ಲ ಅಂತ ಕಾಯ್ತಿದ್ದೆ.

ನಿರ್ವಾಹಕರು
ಕೊಹಿನೂರ್ ಎತ್ತಬೇಡಿ, ಅದಕ್ಕೆ ಹಳೇ ಚರ್ಚೆ ಇದೆ, ಬೀಗ ಹಾಕಿದ್ದೀವಿ. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಿ. ಅವರ ಅಮ್ಮನ ಮಂಡಿ ನೋವಿನ ಬಗ್ಗೆ ಇಲ್ಲಿವರೆಗೆ ಒಬ್ಬರೂ ಮಾತಾಡಿಲ್ಲ.

ಇಬ್ಬರ_ಅಮ್ಮ
ನಮ್ಮತ್ತೆಗೂ ಅದೇ ತೊಂದರೆ, ಹಾಗಾಗಿ ಹೇಳ್ತೀನಿ. ದೊಡ್ಡ ಮ್ಯೂಸಿಯಂಗಳೆಲ್ಲ ಗಾಲಿಕುರ್ಚಿ ಪುಕ್ಕಟೆ ಕೊಡ್ತವೆ, ಮೊದಲೇ ಫೋನ್ ಮಾಡಿ ಕೇಳಿ. ಅಮ್ಮ ‘ನಾನೇನು ರೋಗಿಷ್ಟೆನಾ?’ ಅಂತ ಮುನಿಸ್ಕೊಂಡ್ರೆ ಮಡಚೋ ಸ್ಟೂಲ್ ಇದೆಯಾ ವಿಚಾರಿಸಿ, ಕೆಲವು ಕಡೆ ಇಟ್ಟಿರ್ತಾರೆ. ಅದನ್ನ ಹೆಗಲಿಗೆ ಹಾಕ್ಕೊಂಡು ಯಾವ ಚಿತ್ರದ ಮುಂದೆ ಬೇಕಾದ್ರೂ ಕೂರಬಹುದು.

ಸೌತ್ ಕೆನ್ಸಿಂಗ್ಟನ್ ಸ್ಟೇಷನ್‌ನಲ್ಲಿ ಮೆಟ್ಟಿಲು ಜಾಸ್ತಿ. ಅಲ್ಲಿಂದ ಮ್ಯೂಸಿಯಂಗಳಿಗೆ ನೆಲದಡಿಯ ಉದ್ದನೆಯ ಕಾಲುದಾರಿ ಇದೆ, ಮಳೆ ಬಂದ್ರೆ ಒಳ್ಳೇದು, ಮಂಡಿಗಲ್ಲ. ಬಸ್ಸಲ್ಲಿ ಹೋಗಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಬಾಗಿಲ ಹತ್ರವೇ ಇಳಿಸ್ತಾನೆ. ಆ ಮ್ಯೂಸಿಯಂ ಒಳಗಿನ ಅಂಗಳದಲ್ಲಿ ತೆಳ್ಳಗೆ ನೀರು ನಿಲ್ಲಿಸಿದ್ದಾರೆ, ಬಿಸಿಲಿದ್ರೆ ಮಕ್ಕಳು ಅದರಲ್ಲಿ ಕುಣೀತಾರೆ. ಹುಡುಗ ನೀರಲ್ಲಿ, ಅಮ್ಮ ಕುರ್ಚೀಲಿ, ಅಪ್ಪ ಹುಲಿ ಹತ್ರ. ಒಂದು ಜೊತೆ ಒಣ ಚಡ್ಡಿ ಮಾತ್ರ ಮರೀಬೇಡಿ.

ಚಿತ್ರಗುಪ್ತ
ಆ ಮ್ಯೂಸಿಯಂನಲ್ಲಿ ಅಚ್ಚುಗಳ ಸಭಾಂಗಣ ಇದೆ, 1873ರದ್ದು. ರೋಮಿನ ಟ್ರಾಜನ್ ಸ್ತಂಭದ ಪ್ಲಾಸ್ಟರ್ ಪ್ರತಿ ಅಲ್ಲಿದೆ. ಪೂರ್ತಿ ನಿಲ್ಲಿಸೋಕೆ ಸೂರಿನ ಎತ್ತರ ಸಾಲದೆ ಎರಡು ತುಂಡು ಮಾಡಿ ಅಕ್ಕಪಕ್ಕ ನಿಲ್ಲಿಸಿದ್ದಾರೆ. ಯುರೋಪಿಗೆ ಹೋಗೋಕಾಗದ ಬಡ ವಿದ್ಯಾರ್ಥಿಗಳಿಗೆ ಅಂತ ಮಾಡಿಸಿದ್ದು. ಅದರ ಮುಂದೆ ನಿಂತಾಗ ಮಗನ ಬಾಯಿ ಕಟ್ಟುತ್ತೆ, ಗ್ಯಾರಂಟಿ.

ಫೋನಪ್ಪ
ಒಂದು ಮಾತು ಹೇಳ್ತೀನಿ, ಬೈಬೇಡಿ. ಈಗ ಎಲ್ಲಾ ಚಿತ್ರಗಳೂ ಅಂತರ್ಜಾಲದಲ್ಲಿ ಇವೆ, ಹತ್ತಿರ ಎಳೆದು ಕುಂಚದ ಗೆರೆ ಸಹಿತ ನೋಡಬಹುದು. ಅಷ್ಟು ದೂರ ಹೋಗಿ, ಜನರ ತಲೆಗಳ ಮಧ್ಯೆ ಇಣುಕಿ, ಏನು ಸಿಗುತ್ತೆ? ಮ್ಯೂಸಿಯಂ ಬಿಟ್ಟು ಊರು ಸುತ್ತಿ.

ಚಿತ್ರಗುಪ್ತ
ಬೈಯಲ್ಲ. ನ್ಯಾಷನಲ್ ಗ್ಯಾಲರಿಯ ಎರಡೇ ಚಿತ್ರ ಹೇಳ್ತೀನಿ. ವಾನ್ ಐಕ್‌ನ ಅರ್ನೋಲ್ಫಿನಿ ದಂಪತಿ, 1434ರದ್ದು. ಹಾಲ್ಬೈನ್‌ನ ರಾಯಭಾರಿಗಳು, 1533ರದ್ದು. ನಿಮ್ಮ ಫೋನಲ್ಲಿ ಎರಡೂ ಒಂದೇ ಅಳತೆ. ನಿಜದಲ್ಲಿ ಮೊದಲನೆಯದು ಎತ್ತರ ಒಂದು ಮೀಟರೂ ಇಲ್ಲ, ಗೋಡೆಗೆ ಮೂಗು ತಾಗಿಸಿದ್ರೆ ಹಿಂದಿನ ಪುಟ್ಟ ಕನ್ನಡಿಯಲ್ಲಿ ಇನ್ನಿಬ್ಬರು ಬಾಗಿಲಲ್ಲಿ ನಿಂತಿರೋದು ಕಾಣುತ್ತೆ. ಎರಡನೆಯದು ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರ, ಆ ಇಬ್ಬರು ನಿಮ್ಮಷ್ಟೇ ಎತ್ತರ. ಅವರ ಕಾಲ ಬಳಿ ಓರೆಯಾಗಿ ಏನೋ ಬಿಳಿ ಗೀಚು. ಚಿತ್ರದ ಬಲತುದಿಗೆ ಹೋಗಿ ಪಕ್ಕದಿಂದ ನೋಡಿದ್ರೆ ಆ ಗೀಚು ತಲೆಬುರುಡೆಯಾಗುತ್ತೆ. ಅದಕ್ಕೆ ನಡೆಯೋ ಕಾಲು ಬೇಕು. ಅಲ್ಲಿ ನಿಂತು ನೋಡಿ, ಬಂದವರೆಲ್ಲ ಒಬ್ಬೊಬ್ಬರಾಗಿ ಬಲಕ್ಕೆ ಸರಿದು ಕತ್ತು ಓರೆ ಮಾಡ್ತಾರೆ. ಅದೇ ಒಂದು ತಮಾಷೆ.

ಫೋನಪ್ಪ
ಹಾಲ್ಬೈನ್ ಒಪ್ಪಿದೆ. ಮಿಕ್ಕಿದ್ದಕ್ಕೆ ಫೋನೇ ಸಾಕು.

ಚಿತ್ರಗುಪ್ತ
ಮಿಕ್ಕಿದ್ದಕ್ಕೂ ಉತ್ತರ ಇದೆ, ಆದ್ರೆ ನಿರ್ವಾಹಕರು ನೋಡ್ತಿದ್ದಾರೆ. ಮಳೆಬಿಲ್ಲು ಅವರಿಗೆ ಒಂದು ಸೂಚನೆ: ನ್ಯಾಷನಲ್ ಗ್ಯಾಲರಿಗೆ ನೀರಿನ ಬಾಟಲಿ ತಗೊಂಡು ಹೋಗೋ ಹಾಗಿಲ್ಲ. 2022ರಲ್ಲಿ ವ್ಯಾನ್ ಗೋನ ಸೂರ್ಯಕಾಂತಿಗಳ ಮೇಲೆ ಸೂಪ್ ಎರಚಿದ್ರಲ್ಲ, ಗಾಜು ಇದ್ದದ್ದರಿಂದ ಚಿತ್ರ ಬಚಾವಾಯ್ತು. ಅಂಥವು ಮತ್ತೂ ನಡೆದು 2024ರ ಅಕ್ಟೋಬರಿನಿಂದ ದ್ರವ ಪದಾರ್ಥಕ್ಕೆ ತಡೆ ಹಾಕಿದ್ರು. ಮಗುವಿನ ಹಾಲು, ವೈದ್ಯರು ಬರೆದ ಔಷಧಿ ಬಿಡ್ತಾರೆ. ಅಮ್ಮನ ಔಷಧಿಗೆ ಚೀಟಿ ಇಟ್ಕೊಳ್ಳಿ. ಶುಕ್ರವಾರ ರಾತ್ರಿ 9ರವರೆಗೂ ತೆರೆದಿರುತ್ತೆ, ಏಳರ ಮೇಲೆ ಹೋದ್ರೆ ಉಸಿರಾಡೋಕೆ ಜಾಗ ಇರುತ್ತೆ.

ದಾರಿಹೋಕ
ಶುಕ್ರವಾರ ಸಂಜೆ ಅನ್ನೋದು ಈ ಊರಿನ ಗುಟ್ಟು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಕೂಡ ಅವತ್ತು ರಾತ್ರಿ 10ರವರೆಗೆ. ಹಗಲು ದುಡಿಯೋರು ಬರಲಿ ಅಂತ ಗ್ಯಾಸ್ ದೀಪ ಹಚ್ಚಿ ರಾತ್ರಿ ತೆರೆಯೋ ರೂಢಿ ಅವರು 1850ರ ದಶಕದಲ್ಲೇ ಶುರುಮಾಡಿದ್ರು.

ರೈಲುಪ್ರೇಮಿ
ಸೈನ್ಸ್ ಮ್ಯೂಸಿಯಂ ಬಗ್ಗೆ ಯಾರೂ ಬರೆದಿಲ್ಲ. ಸ್ಟೀಫನ್‌ಸನ್‌ನ ‘ರಾಕೆಟ್’ ಅನ್ನೋ ಹಳೇ ಉಗಿ ರೈಲು ಎಂಜಿನ್ ನೋಡೋಕೆ ಹೋಗೋರಿಗೆ ಎಚ್ಚರಿಕೆ, ಅದು ಈಗ ಲಂಡನ್ನಿನಲ್ಲಿಲ್ಲ, 2018ರಲ್ಲೇ ಉತ್ತರಕ್ಕೆ ಹೋಯ್ತು. ಆದ್ರೆ ಚಂದ್ರನನ್ನ ಸುತ್ತಿ ಬಂದ ಅಪೋಲೊ 10ರ ನೌಕೆ ಇದೆ. ಬ್ಯಾಬೇಜ್ ನಕ್ಷೆ ಬರೆದಿಟ್ಟು ಹೋಗಿದ್ದ ಲೆಕ್ಕದ ಯಂತ್ರವನ್ನ 1991ರಲ್ಲಿ ಕಟ್ಟಿ ನಿಲ್ಲಿಸಿದ್ದಾರೆ, ಅದೂ ಇದೆ. ನ್ಯಾಚುರಲ್ ಹಿಸ್ಟರಿಯ ಪಕ್ಕದ ಕಟ್ಟಡವೇ. ಎರಡೂ ಒಂದೇ ದಿನ ಬೇಡ, ಮಗು ಅಳುತ್ತೆ.

ಗೂಬೆಕಣ್ಣು
ಮಗು ಅಳಲ್ಲ, ಮಗುವಿನಪ್ಪ ಅಳೋದು.

ಚಿತ್ರಗುಪ್ತ
ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರು ಸೇರಿಸ್ತೀನಿ, ಸರ್ ಜಾನ್ ಸೋನ್ ಮ್ಯೂಸಿಯಂ. ಪುಕ್ಕಟೆ. ಸೋನ್ ವಾಸ್ತುಶಿಲ್ಪಿ, ತನ್ನ ಮನೆ ತುಂಬಾ ಸಾಮಾನು ತುಂಬಿಸ್ಕೊಂಡ. 1833ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿಸಿ, ತಾನು ಸತ್ತಾಗ ಹೇಗಿತ್ತೋ ಹಾಗೇ ಇಡಬೇಕು ಅಂದ. 1837ರಲ್ಲಿ ಸತ್ತ, ಹಾಗೇ ಇಟ್ಟಿದ್ದಾರೆ. ಒಂದು ಚಿಕ್ಕ ಕೋಣೆಯ ಗೋಡೆಗಳು ಬಾಗಿಲಿನ ಥರ ತೆರೀತವೆ, ಒಳಗೆ ಮತ್ತೊಂದು ಸಾಲು ಚಿತ್ರ. ಹೋಗಾರ್ತ್‌ನ ಎಂಟು ಚಿತ್ರಗಳ ಸರಣಿ ಅಲ್ಲಿದೆ: ಅಪ್ಪನ ಆಸ್ತಿ ಕೈಗೆ ಬಂದ ಹುಡುಗ ಹಾಳಾಗಿ ಹುಚ್ಚಾಸ್ಪತ್ರೆ ಸೇರೋ ಕಥೆ. ನೆಲಮಾಳಿಗೆಯಲ್ಲಿ ಈಜಿಪ್ಟಿನ ಒಂದನೇ ಸೇತಿ ರಾಜನ ಶವಪೆಟ್ಟಿಗೆ. ಬೆಲೆ ಜಾಸ್ತಿ ಅಂತ ಬ್ರಿಟಿಷ್ ಮ್ಯೂಸಿಯಂ ಬೇಡ ಅಂದದ್ದನ್ನ 1824ರಲ್ಲಿ 2,000 ಪೌಂಡಿಗೆ ಕೊಂಡು, ಮನೆಯಲ್ಲಿ ದೀಪ ಹಚ್ಚಿ ಮೂರು ರಾತ್ರಿ ಔತಣ ಮಾಡಿದ.

ಒಂದು ಸಲಕ್ಕೆ ಸ್ವಲ್ಪ ಜನರನ್ನೇ ಬಿಡ್ತಾರೆ. ಸೋಮವಾರ, ಮಂಗಳವಾರ ರಜೆ.

ಇಬ್ಬರ_ಅಮ್ಮ
ಇಕ್ಕಟ್ಟು ಜಾಗ, ಕಡಿದಾದ ಮೆಟ್ಟಿಲು, ಸುತ್ತ ಒಡೆಯೋ ಸಾಮಾನು. ಮಂಡಿ ನೋವಿನ ಅಜ್ಜಿಗೂ ಕೈ ಸುಮ್ಮನಿರದ ಹುಡುಗನಿಗೂ ಬೇಡ. ನೀವೊಬ್ಬರೇ ಹೋಗಿ ಬನ್ನಿ.

ಕಡಲತೀರ
ಚಿತ್ರದ ವಿಷಯ ಬಂತಲ್ಲ, ಡಲ್ವಿಚ್ ಗ್ಯಾಲರಿ ಕಟ್ಟಿದ್ದೂ ಇದೇ ಸೋನ್. ಅಲ್ಲಿ ರೆಂಬ್ರಾಂಟ್ ಬರೆದ ಚಿಕ್ಕ ಭಾವಚಿತ್ರ ಉಂಟು, ಯಾಕೋಬ್ ಎಂಬವನದ್ದು. ನಾಲ್ಕು ಸಲ ಕಳ್ಳತನವಾಗಿ ನಾಲ್ಕು ಸಲವೂ ವಾಪಸ್ ಬಂದಿದೆ. ಕಂಕುಳಲ್ಲಿ ಇಟ್ಟುಕೊಂಡು ಹೋಗುವಷ್ಟು ಚಿಕ್ಕದು, ಪಾಪ.

ಸುಮ್ನೆ_ಬಂದೆ
ಅದಕ್ಕಾದ್ರೂ ವಾಪಸ್ ಬರೋ ದಾರಿ ಗೊತ್ತು. ಹುಲಿಗೆ ಗೊತ್ತಿಲ್ಲ.

ಬಯಲುಸೀಮಿ
👏👏

ಮಳೆಬಿಲ್ಲು
ಎಲ್ಲರಿಗೂ ಥ್ಯಾಂಕ್ಸ್. ಹೊಸ ಪಟ್ಟಿ: ಮೊದಲ ದಿನ ಡೈನೋಸಾರ್. ಮಾರನೇ ದಿನ ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂನ ಮೂರು ಕೋಣೆ. ಆಮೇಲೊಂದು ದಿನ ಹುಲಿ ಮತ್ತು ನೀರಾಟ. ಶುಕ್ರವಾರ ಸಂಜೆ ನಾನೊಬ್ಬಳೇ ನ್ಯಾಷನಲ್ ಗ್ಯಾಲರಿ. ಕೋರ್ಟೋಲ್ಡ್, ವಾಲೆಸ್, ಗ್ರೀನಿಚ್, ಲೈಬ್ರರಿ ಎಲ್ಲ ಕೈಬಿಟ್ಟೆ. ಟೇಟ್ ಎರಡರಲ್ಲಿ ಒಂದಕ್ಕೆ ಮಾತ್ರ ಜಾಗ ಇದೆ. ಯಾವುದು?

ದಾರಿಹೋಕ
ಟೇಟ್ ಮಾಡರ್ನ್. ಹಳೇ ವಿದ್ಯುತ್ ಸ್ಥಾವರ, 2000ರಲ್ಲಿ ಗ್ಯಾಲರಿಯಾಯ್ತು. ಒಳಗೆ ಕಾಲಿಟ್ಟ ಕೂಡಲೇ ಸಿಗೋ ಟರ್ಬೈನ್ ಹಾಲ್‌ನಲ್ಲಿ ಹುಡುಗ ಓಡಾಡಿದ್ರೂ ಯಾರೂ ಗದರಲ್ಲ. 2007ರಲ್ಲಿ ಅಲ್ಲಿಯ ನೆಲವನ್ನ ಉದ್ದಕ್ಕೂ ಬಿರುಕು ಬಿಡಿಸಿದ ಕಲಾಕೃತಿ ಇತ್ತು, ಆಮೇಲೆ ಮುಚ್ಚಿದ್ರು, ಗುರುತು ಇನ್ನೂ ಕಾಣುತ್ತೆ. ಹುಡುಕೋಕೆ ಬಿಡಿ. ರಾತ್ಕೋ ಅವರ ಕಡುಗೆಂಪು ಚಿತ್ರಗಳ ಕೋಣೆಯಲ್ಲಿ ಸುಮ್ನೆ ಕೂತಿರಿ.

ಗೂಬೆಕಣ್ಣು
ಟೇಟ್ ಮಾಡರ್ನ್ ಮೇಲಿನ ಮಹಡಿಯಿಂದ ಎದುರಿನ ಗಾಜಿನ ಫ್ಲ್ಯಾಟಿನವರ ಮನೆಯೊಳಗೆ ಇಣುಕಬಹುದಿತ್ತು. ಅವರು ಕೋರ್ಟಿಗೆ ಹೋಗಿ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ರು. ಆ ಊರಿನ ಅತಿ ದುಬಾರಿ ಪ್ರದರ್ಶನ ಹಾಗೆ ನಿಂತುಹೋಯ್ತು.

ಚಿತ್ರಗುಪ್ತ
ನನ್ನ ಮತ ಟೇಟ್ ಬ್ರಿಟನ್‌ಗೆ. ಟರ್ನರ್ ತನ್ನ ಬಳಿ ಉಳಿದ ಚಿತ್ರಗಳನ್ನೆಲ್ಲ ದೇಶಕ್ಕೆ ಬಿಟ್ಟುಹೋದ, ಅದರ ಬಹುಪಾಲು ಅಲ್ಲಿದೆ. ಕೊನೆಗಾಲದ ಚಿತ್ರಗಳಲ್ಲಿ ಮಂಜು, ಬೆಳಕು ಬಿಟ್ಟು ಬೇರೇನೂ ಉಳಿದಿಲ್ಲ. ಮಿಲೇಯ ಒಫೀಲಿಯಾ ಕೂಡ ಅಲ್ಲೇ. ನೀರಲ್ಲಿ ತೇಲೋ ಹುಡುಗಿಗೆ ಮಾದರಿಯಾಗಿ ಕೂತವಳನ್ನ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ ಬರೆದದ್ದು. ಕೆಳಗೆ ಕಾಯಿಸೋಕೆ ಇಟ್ಟ ದೀಪಗಳು ಆರಿಹೋಗಿ ಅವಳಿಗೆ ಜೋರು ನೆಗಡಿ ಹಿಡೀತು. ಮಾಡರ್ನ್‌ಗೆ ಹೋಲಿಸಿದ್ರೆ ಜನವೂ ಕಮ್ಮಿ.

ಕಡಲತೀರ
ಜಗಳ ಯಾಕೆ, ಎರಡರ ನಡುವೆ ಥೇಮ್ಸ್ ಮೇಲೆ ದೋಣಿ ಉಂಟಲ್ಲ. ಅಮ್ಮನಿಗೆ ಕೂತಲ್ಲೇ ಊರು ನೋಡಿದ ಹಾಗೂ ಆಯ್ತು. ಒಂದರಲ್ಲಿ ಅರ್ಧ ಗಂಟೆ, ಇನ್ನೊಂದರಲ್ಲಿ ಒಂದು ಗಂಟೆ.

ದಾರಿಹೋಕ
ಮತ್ತೆ ಶುರುವಾಯ್ತು ಜನಗಣತಿ!

ಬಯಲುಸೀಮಿ
ಟೇಟ್ ಬ್ರಿಟನ್ ಕಡೆ ಹೋದ್ರ ಬಸವಣ್ಣನ ಮೂರ್ತಿ ನೋಡಿ ಬರ್ರಿ ತಂಗಿ. 2015ರಾಗ ಥೇಮ್ಸ್ ದಂಡಿ ಮ್ಯಾಲ ನಿಲ್ಲಿಸ್ಯಾರ. ಅದನ್ನ ಯಾರಿಂದನೂ ಕಸಗೊಂಡು ತಂದಿಲ್ಲ, ನಮ್ಮವ್ರs ಇಟ್ಟದ್ದು.

ಮಳೆಬಿಲ್ಲು
ಹೌದಾ ಅಣ್ಣಾ? ಹಾಗಾದ್ರೆ ಟೇಟ್ ಬ್ರಿಟನ್ನೇ ಸರಿ. ಅಲ್ಲಿಂದ ನಡೆಯೋ ದೂರನಾ? ಅಮ್ಮನಿಗೆ ಆಗುತ್ತಾ?

ದಾರಿಹೋಕ
ಟೇಟ್ ಬ್ರಿಟನ್ ಬಾಗಿಲಿಂದ ನದಿ ಪಕ್ಕದಲ್ಲೇ ಪಾರ್ಲಿಮೆಂಟ್ ಇರೋ ದಿಕ್ಕಿಗೆ ಹೋಗಿ, ಲ್ಯಾಂಬೆತ್ ಸೇತುವೆ ದಾಟಿ. ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತೋಟದಲ್ಲಿದೆ. ದಾರಿ ಸಮತಟ್ಟು, ಆದ್ರೆ ಮಂಡಿ ನೋವಿಗೆ ಸ್ವಲ್ಪ ದೂರವೇ. ಅಮ್ಮನ್ನ ಟ್ಯಾಕ್ಸೀಲಿ ಸೇತುವೆ ದಾಟಿಸಿ, ನೀವು ಮಗನ ಜೊತೆ ನಡ್ಕೊಂಡು ಬನ್ನಿ.